ಹೆಸರಿಗೊಂದು ಕನ್ನಡ ಕಾಲಂ: ಹೇಳಿದಷ್ಟು ಸುಲಭವಲ್ಲ

“ಕಂಪ್ಯೂಟರಿನಲ್ಲಿ ಮಗುವಿನ ಹೆಸರು ಇಂಗ್ಲಿಷಿನಲ್ಲಿ ಇದ್ದೇ ಇದೆ. ಪಕ್ಕದಲ್ಲಿ ಕನ್ನಡಕ್ಕೊಂದು ಕಾಲಂ ಸೇರಿಸಲು ಎಷ್ಟು ಹೊತ್ತು ಬೇಕು?” ಗಡಿಯಾಚೆಯ ಕನ್ನಡ ಶಾಲೆಗಳ ಪೋಷಕರು ಹೀಗೆ ಕೇಳಿದರೆ ಅದು ನ್ಯಾಯವೇ. ಆದರೆ ಕೆಲಸ ಒಂದು ಕಾಲಮ್ಮಿಗೆ ಮುಗಿಯುವುದಿಲ್ಲ.

‘ಲಕ್ಷ್ಮಿ’ ಎಂಬ ಹೆಸರನ್ನೇ ನೋಡಿ. ಕಣ್ಣಿಗೆ ಎರಡೇ ಅಕ್ಷರ. ಯುನಿಕೋಡ್ ಪದ್ಧತಿಯಲ್ಲಿ ಕಂಪ್ಯೂಟರ್ ಅದನ್ನು 7 ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಲ, ಕ, ಷ, ಮ ಎಂಬ ನಾಲ್ಕು, ಒತ್ತು ಕೂಡಿಸುವ ಚಿಹ್ನೆ ಎರಡು, ಗುಡಿಸು ಒಂದು. ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಇಂಗ್ಲಿಷಿನಲ್ಲಿ ಇದೇ ಹೆಸರಿಗೆ 7 ಬೈಟ್ ಸಾಕು. ಹೆಸರಿಗೆ 20 ಬೈಟ್ ಜಾಗ ಬಿಟ್ಟ ಹಳೆಯ ತಂತ್ರಾಂಶವಾದರೆ ಕೊನೆಯ ಗುಡಿಸಿಗೆ ಜಾಗವೇ ಇರುವುದಿಲ್ಲ. ಮನೆತನದ ಹೆಸರಂತೂ ದೂರದ ಮಾತು.

ಇರುವ ಹೆಸರನ್ನು ಯಂತ್ರವೇ ಕನ್ನಡಕ್ಕೆ ತಿರುಗಿಸಲಿ ಎಂದರೆ? ಇಂಗ್ಲಿಷಿನ ಕೆ-ಎ-ಎಲ್-ಎ ‘ಕಲಾ’ ಆಗಬಹುದು, ‘ಕಾಳ’ನೂ ಆಗಬಹುದು. ಸೊಲ್ಲಾಪುರ, ಜತ್ತ ಕಡೆ ಮರಾಠಿ ದಾಖಲೆಯಿಂದ ತಿರುಗಿಸಿದರೆ, ಆ ಬರಹದಲ್ಲಿ ಒ–ಓ ಭೇದವಿಲ್ಲದ್ದರಿಂದ ಹೊನ್ನಪ್ಪ ‘ಹೋನ್ನಪ್ಪ’ನಾದಾನು. ಕನ್ನಡ ಬಲ್ಲವರೊಬ್ಬರು ಕುಳಿತು ಪ್ರತಿ ಹೆಸರನ್ನೂ ನೋಡಲೇಬೇಕು.

ಆಮೇಲೆ ಅಕಾರಾದಿ. ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ ಆದ ಮೇಲೆ. ಯುನಿಕೋಡ್ ಸಂಖ್ಯೆಗಳಲ್ಲಿ ಅದು ‘ಲ’ದ ಬೆನ್ನಿಗೇ, ‘ವ’ಕ್ಕಿಂತ ಮೊದಲು ಇದೆ. ಬರೀ ಆ ಸಂಖ್ಯೆಯಂತೆ ಜೋಡಿಸಿದರೆ ಹಾಜರಿ ಪಟ್ಟಿಯಲ್ಲಿ ಕಾವೇರಿಗಿಂತ ಮೊದಲು ಕಾಳಪ್ಪ ಬರುತ್ತಾನೆ. ಅಂಕಪಟ್ಟಿ, ವರ್ಗಾವಣೆ ಪತ್ರ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವನ್ನೂ ಮುದ್ರಿಸಿ ನೋಡಬೇಕು. ಚೌಕ ಚಿಕ್ಕದಾದರೆ ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗುತ್ತದೆ.

ಇದು ‘ಆಗದು’ ಎನ್ನಲು ನೆಪವಲ್ಲ. ಎಲ್ಲವೂ ಆಗುವ ಕೆಲಸವೇ. ಸಣ್ಣದೆಂದು ತಿಳಿದು ಕೊನೆಗೆ ತಳ್ಳಿದರೆ ಮಾತ್ರ ಪರೀಕ್ಷೆಯ ಹೊತ್ತಿಗೆ ಅವಸರವಾಗಿ, ತಪ್ಪು ಹೆಸರು ಮಗುವಿನ ಪ್ರಮಾಣಪತ್ರಕ್ಕೆ ಅಂಟಿಕೊಳ್ಳುತ್ತದೆ. ಮುಂದೆ ಅದನ್ನು ತಿದ್ದಿಸಲು ಅಲೆಯುವವರು ನಾವೇ.

ಆದ್ದರಿಂದ ಜೂನ್‌ನಲ್ಲಿ ಶಾಲೆ ತೆರೆಯುವಾಗಲೇ ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಡಿ. ಮಗುವಿನ, ತಂದೆ-ತಾಯಿಯ, ಮನೆತನದ ಹೆಸರುಗಳನ್ನು ಕನ್ನಡದಲ್ಲಿ ಬಿಡಿಸಿ ಬರೆದುಕೊಡಿ. “ಯಾವಾಗ ಆಗುತ್ತದೆ?” ಎನ್ನುವುದರ ಜೊತೆಗೆ “ಮಾದರಿ ಪ್ರತಿ ಯಾವಾಗ ತೋರಿಸುತ್ತೀರಿ?” ಎಂದೂ ಕೇಳಿ. ಪ್ರತಿ ಕೈಗೆ ಬಂದಾಗ ಒತ್ತು, ದೀರ್ಘಗಳನ್ನು ಬೆರಳಿಟ್ಟು ಓದಿ. ನಿಮ್ಮ ಮಗುವಿನ ಹೆಸರನ್ನು ನಿಮ್ಮಷ್ಟು ಚೆನ್ನಾಗಿ ಬಲ್ಲವರು ಯಾವ ಕಚೇರಿಯಲ್ಲೂ ಇಲ್ಲ.