ಅಡಿಯನ್ನು ಅಂಗುಲಕ್ಕಿಳಿಸಿದ ಮನೆ

ಗೊಂಬೆಮನೆಯೆಂದರೆ ನಿಜವಾದ ಮನೆಯೊಂದರ ಗೋಡೆ, ಕಂಬ, ಬಾಗಿಲು, ಒಲೆ, ಹಾಸಿಗೆ, ಪಾತ್ರೆಪಡಗಗಳನ್ನೆಲ್ಲ ಒಂದೇ ಅಳತೆಯಲ್ಲಿ ಕಿರಿದು ಮಾಡಿ ಕಟ್ಟಿ, ಒಳಗಿನ ಬದುಕು ಕಾಣುವಂತೆ ಒಂದು ಬದಿಯನ್ನು ತೆರೆದಿಟ್ಟ ಪುಟ್ಟ ಕಟ್ಟಡ. ಹೆಸರು ಮಕ್ಕಳ ಆಟವನ್ನು ನೆನಪಿಸಿದರೂ ಇದರ ಚರಿತ್ರೆ ಬಹುಮಟ್ಟಿಗೆ ದೊಡ್ಡವರ ಹವ್ಯಾಸದ ಚರಿತ್ರೆಯೇ ಆಗಿದೆ. ಬವೇರಿಯದ ದೊರೆ ಐದನೆಯ ಆಲ್ಬ್ರೆಕ್ಟ್ 1557–58ರಲ್ಲಿ ಮಾಡಿಸಿದ ಮನೆಯನ್ನು ಯುರೋಪಿನ ಮೊದಲ ಗೊಂಬೆಮನೆಯೆಂದು ಹೇಳುವುದುಂಟು. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮಿನ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬಾಕೆ ಕಪಾಟೊಂದರೊಳಗೆ ರೂಪಿಸಿದ ಮನೆ ಅಲ್ಲಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಉಳಿದುಬಂದಿದ್ದರೆ, ನವದೆಹಲಿಯ ರಾಷ್ಟ್ರಪತಿ ಭವನದ ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್ 1921ರಿಂದ 1924ರವರೆಗೆ ರಾಣಿ ಮೇರಿಗಾಗಿ ಕಟ್ಟಿಸಿದ, ನಲ್ಲಿಯಲ್ಲಿ ನೀರು ಬರುವ, ವಿದ್ಯುದ್ದೀಪ ಉರಿಯುವ ಗೊಂಬೆಮನೆಯನ್ನು ವಿಂಡ್ಸರ್ ಕೋಟೆಯಲ್ಲಿ ಇಂದಿಗೂ ನೋಡಬಹುದು. ಲಟ್ಯೆನ್ಸ್ ಹಿಡಿದ ಅಳತೆ ಒಂದಕ್ಕೆ ಹನ್ನೆರಡು, ಅಂದರೆ ನಿಜದ ಒಂದು ಅಡಿಗೆ ಪ್ರತಿಕೃತಿಯಲ್ಲಿ ಒಂದು ಅಂಗುಲ. ಹವ್ಯಾಸಿಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದೂ ಇದೇ ಲೆಕ್ಕ.

ಪಶ್ಚಿಮದ ಈ ಪರಂಪರೆಯನ್ನು ಓದಿದವರಿಗೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ಗೊಂಬೆಮನೆ ಹೊರಗಿನಿಂದ ಬಂದ ವಸ್ತುವೆಂದು ತೋರುವುದು ಸಹಜ. ಆದರೆ ಮನೆಯನ್ನು ಕಿರಿದಾಗಿಸುವ ವಿದ್ಯೆ ಈ ನೆಲದಲ್ಲಿ ಎಷ್ಟು ಹಳೆಯದೆಂದು ತಿಳಿಯಲು ವಿರೂಪಾಕ್ಷ ದೇವಾಲಯದ ಸುಮಾರು 50 ಮೀಟರ್ ಎತ್ತರದ ಪೂರ್ವ ಗೋಪುರವನ್ನು ತಲೆಯೆತ್ತಿ ನೋಡಿದರೆ ಸಾಕು. ದ್ರಾವಿಡ ಶೈಲಿಯ ಗೋಪುರ, ಶಿಖರಗಳ ಒಂದೊಂದು ಅಂತಸ್ತೂ ಸಾಲುಸಾಲು ಕಿರುಮನೆಗಳಿಂದಲೇ ಅಲಂಕೃತವಾಗಿರುತ್ತದೆ. ಮೂಲೆಗಳಲ್ಲಿ ನಿಲ್ಲುವ ಚೌಕ ತಳದ ಚಿಕ್ಕ ಗುಡಿಗೆ ಕೂಟವೆಂದೂ, ನಡುವೆ ಬರುವ, ಬಂಡಿಯ ಕಮಾನಿನಂಥ ಮಾಡುಳ್ಳ ಉದ್ದನೆಯ ಗುಡಿಗೆ ಶಾಲೆಯೆಂದೂ, ಅವುಗಳ ಮಧ್ಯೆ ಸೇರಿಕೊಳ್ಳುವ ಇನ್ನೂ ಕಿರಿದಾದ, ಕಮಾನು ಮುಖದ ರೂಪಕ್ಕೆ ಪಂಜರವೆಂದೂ ಶಿಲ್ಪಶಾಸ್ತ್ರದಲ್ಲಿ ಹೆಸರಿದೆ. ದೊಡ್ಡ ಕಟ್ಟಡವನ್ನು ಚಿಕ್ಕ ಕಟ್ಟಡಗಳಿಂದ ಸಿಂಗರಿಸುವ ಈ ಕ್ರಮದಲ್ಲಿ ಪ್ರತಿಯೊಂದು ಕಿರುಗುಡಿಗೂ ಕಂಬ, ಕಪೋತ, ಕಳಶಗಳು ಇರಲೇಬೇಕಾಗಿದ್ದುದರಿಂದ ಅದನ್ನು ಗೆಯ್ದ ಕೈಗಳಿಗೆ ಅಳತೆಯ ಹದ ಚೆನ್ನಾಗಿ ತಿಳಿದಿತ್ತು.

ವಿಠ್ಠಲ ದೇವಾಲಯದ ಮುಂದಿರುವ, 50 ರೂಪಾಯಿಯ ನೋಟಿನ ಮೇಲೂ ಮುದ್ರಿತವಾಗಿರುವ ಕಲ್ಲಿನ ರಥ ಇದೇ ವಿದ್ಯೆಯ ಇನ್ನೊಂದು ಮುಖ. ಗರುಡನ ಗುಡಿಯಾಗಿರುವ ಈ ಕಟ್ಟಡ ಮರದ ತೇರನ್ನು ಕಲ್ಲಿನಲ್ಲಿ ಮರುರೂಪಿಸಿದ್ದಲ್ಲದೆ, ನೋಡುವವರಿಗೆ ಏಕಶಿಲೆಯೆಂಬ ಭ್ರಮೆ ಹುಟ್ಟಿಸಿದರೂ ಹಲವು ಕಲ್ಲುಗಳನ್ನು ಜೋಡಿಸಿ, ಸಂದುಗಳನ್ನು ಕೆತ್ತನೆಯ ಪಟ್ಟಿಗಳಲ್ಲಿ ಮರೆಸಿ ಕಟ್ಟಿದ್ದು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಇದರ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತಿದ್ದು, ಅದು ಈಗ ಇಲ್ಲ. ಪ್ರತಿಕೃತಿ ಮಾಡುವವರು ಸಾಮಾನ್ಯವಾಗಿ ಶಿಖರವಿಲ್ಲದ ರಥವನ್ನೇ ಮಾಡುತ್ತಾರಾದರೂ ಆ ಚಿತ್ರವನ್ನು ಆಧಾರವಾಗಿಟ್ಟುಕೊಂಡು ಶಿಖರಸಹಿತವಾದ ರಥವನ್ನು ಕಟ್ಟುವುದು ಹೆಚ್ಚು ಅರ್ಥಪೂರ್ಣವಾದ ಕೆಲಸವಾದೀತು. ಸಂದನ್ನು ಅಲಂಕಾರದಲ್ಲಿ ಮರೆಸುವ ಉಪಾಯವಂತೂ ಗೊಂಬೆಮನೆ ಕಟ್ಟುವ ಯಾರಿಗೂ ಮೊದಲ ಪಾಠವಾಗಬಲ್ಲದು. ಇಡೀ ಊರನ್ನೇ ಕಿರಿದಾಗಿಸಿ ನೋಡಬೇಕೆನ್ನುವವರಿಗೆ ಕಮಲಾಪುರದ ಪುರಾತತ್ತ್ವ ವಸ್ತುಸಂಗ್ರಹಾಲಯವಿದೆ. ಗಜಶಾಲೆಯಲ್ಲಿ ಕೂಡಿಟ್ಟಿದ್ದ ಶಿಲ್ಪಗಳನ್ನು 1972ರಲ್ಲಿ ತಂದಿರಿಸಿದ ಈ ಕಟ್ಟಡದ ನಡುಅಂಗಳದಲ್ಲಿ ಹಂಪಿಯ ಬೆಟ್ಟ, ಹೊಳೆ, ದಾರಿ, ಗುಡಿಗಳ ಪ್ರತಿಕೃತಿಯನ್ನು ಹರಡಿದ್ದು, ಸುತ್ತಲೂ ನಡೆದು ನೋಡಿದವರಿಗೆ ಬಿಸಿಲಿನಲ್ಲಿ ಅಲೆದರೂ ತಿಳಿಯದ ಊರಿನ ವಿನ್ಯಾಸ ಅಲ್ಲಿ ಒಮ್ಮೆಗೇ ತಿಳಿಯುತ್ತದೆ.

ಇವೆಲ್ಲ ಅರಸರ, ಆಚಾರಿಗಳ, ಇಲಾಖೆಯ ಕೆಲಸ. ಜನಸಾಮಾನ್ಯರ ಕೈಯಲ್ಲಿ ಹುಟ್ಟುವ ಕಿರುಮನೆಗಳು ಬೇರೆಯೇ ಇವೆ. ಹಂಪಿಯ ಬೆಟ್ಟಗಳ ಬಂಡೆಗಳ ಮೇಲೆ ಯಾತ್ರಿಕರು ಮೂರು ನಾಲ್ಕು ಕಲ್ಲುಚೂರುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹೋಗುವುದು ಸ್ವಂತ ಮನೆ ಕಟ್ಟುವ ಯೋಗ ಬರಲೆಂಬ ಹರಕೆಯಿಂದ. ಎರಡು ಕಲ್ಲು ಗೋಡೆಗೆ, ಒಂದು ಚಪ್ಪಟೆ ಕಲ್ಲು ಮಾಳಿಗೆಗೆ, ಮೇಲಂತಸ್ತಿನ ಆಸೆಯಿದ್ದರೆ ಇನ್ನಷ್ಟು ಕಲ್ಲು. ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ತುಂಬಿದ ಮನಸ್ಸಿನಿಂದ ಕಟ್ಟಿದ ಗೊಂಬೆಮನೆ ಜಗತ್ತಿನಲ್ಲಿ ಬೇರೆಲ್ಲೂ ಇರಲಾರದು. ಮಣ್ಣೆತ್ತಿನ ಅಮಾವಾಸ್ಯೆಗೆ ಕರಿಮಣ್ಣಿನ ಜೋಡೆತ್ತುಗಳನ್ನು ಮಾಡುವಾಗ ಅವುಗಳ ಮುಂದೆ ಮೇವು ಹಾಕುವ ಗ್ವಾದಲಿಯನ್ನೂ ಮಣ್ಣಿನಲ್ಲೇ ಮಾಡಿಡುವ ಪದ್ಧತಿಯಿದೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಾಡುವ ಮಣ್ಣಿನ ಗೊಂಬೆಯಾದ ಗುಳ್ಳವ್ವನಿಗೆ ಗುಲಗಂಜಿಯ ಸಿಂಗಾರವಾಗುತ್ತದೆ. ದೀಪಾವಳಿಯ ಪಾಡ್ಯದಂದು ಸೆಗಣಿಯ ಪಾಂಡವರನ್ನು ಮಾಡಿ, ಚೆಂಡು ಹೂವು, ಉತ್ತರಾಣಿ ಕಡ್ಡಿಗಳನ್ನು ಸಿಕ್ಕಿಸಿ ದನದ ಹಟ್ಟಿಯ ಸಮೃದ್ಧಿಯನ್ನು ಬೇಡಿಕೊಳ್ಳಲಾಗುತ್ತದೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲುಗಳ ಬದಿಗೆ ಮಕ್ಕಳು ಊರು, ಜಾತ್ರೆ, ತೋಟಗಳನ್ನು ಕಟ್ಟುತ್ತಾರಾಗಿ, ತಟ್ಟೆಯ ಮಣ್ಣಿನಲ್ಲಿ ಒಂದು ವಾರ ಮೊದಲೇ ರಾಗಿ ಅಥವಾ ಸಾಸಿವೆ ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಅವರ ಪಾರ್ಕಿಗೆ ಹಸಿರು ಹುಲ್ಲು ಸಿದ್ಧವಾಗಿರುತ್ತದೆ.

ಈ ಎಲ್ಲ ಕಿರುರೂಪಗಳಿಗೂ ಒಂದು ಸಮಾನ ಗುಣವಿದೆ. ಮಣ್ಣೆತ್ತು ನೀರು ಸೇರುತ್ತದೆ, ಸೆಗಣಿಯ ಪಾಂಡವರು ಒಣಗಿ ಉದುರುತ್ತಾರೆ, ದಸರೆಯ ಗೊಂಬೆಗಳು ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಮರಳಿ ಪೆಟ್ಟಿಗೆಗೆ ಹೋಗುತ್ತವೆ. ಮುಂದಿನ ವರ್ಷ ಮತ್ತೆ ಮಾಡಬೇಕಾಗಿರುವುದರಿಂದಲೇ ಕೌಶಲ ಕೈಯಿಂದ ಕೈಗೆ ದಾಟಿಬಂದಿತು. ಹವ್ಯಾಸವಾಗಿ ಕಟ್ಟುವ ಗೊಂಬೆಮನೆ ಇದಕ್ಕೆ ಸೇರಿಸುವ ಹೊಸ ಸಂಗತಿಯೆಂದರೆ ಉಳಿಸಿಕೊಳ್ಳುವುದು. ಹಾಗೆ ಉಳಿಸಿಕೊಳ್ಳಲು ಈ ಸೀಮೆಯಲ್ಲಿ ತಕ್ಕ ವಸ್ತು ಯಾವುದೆಂದು ಕೇಳಿದರೆ, ವಿದೇಶಿ ಕಿಟ್ಟುಗಳಲ್ಲಿ ಬರುವ ಬಂಗಲೆಗಳನ್ನಾಗಲಿ ಮತ್ತೆಮತ್ತೆ ಮಾಡಿದ ಕಲ್ಲಿನ ರಥವನ್ನಾಗಲಿ ಹೇಳುವುದಕ್ಕಿಂತ ಮೊದಲು ಮಣ್ಣಿನ ಮಾಳಿಗೆ ಮನೆಯನ್ನು ಹೇಳಬೇಕು. ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನಂಥ ಊರುಗಳಲ್ಲಿ, ತುಂಗಭದ್ರೆಯ ಕಾಲುವೆ ನೀರು ಭತ್ತದ ಗದ್ದೆಗಳಿಗೆ ಹರಿದ ಮೇಲಿನ ದಶಕಗಳಲ್ಲಿ ಮಾಳಿಗೆಯ ಜಾಗಕ್ಕೆ ಆರ್‌ಸಿಸಿ ಬಂದಿದೆ. ಸೋರದ ಮನೆಯನ್ನು ಬಯಸಿದವರನ್ನು ದೂರುವಂತಿಲ್ಲ. ಆದರೆ ಮಾಳಿಗೆ ಹಾಕುವುದು ಹೇಗೆಂದು ಬಲ್ಲವರು ಇನ್ನೂ ಇರುವಾಗಲೇ ಅದನ್ನು ಪ್ರತಿಕೃತಿಯಲ್ಲಾದರೂ ಹಿಡಿದಿಡಬೇಕಾಗಿದೆ.

ಮಾಳಿಗೆ ಮನೆಯ ರಚನೆ ನೋಡಲು ಸರಳವೆನಿಸಿದರೂ ಪದರಪದರವಾದುದು. ಕಂಬದ ನೆತ್ತಿಯ ಮೇಲೆ ಭಾರವನ್ನು ಎರಡೂ ಕಡೆಗೆ ಹಂಚುವ ಬೋದಿಗೆ, ಬೋದಿಗೆಯ ಮೇಲೆ ಉದ್ದಕ್ಕೆ ಮಲಗಿದ ದಪ್ಪ ತೊಲೆ, ತೊಲೆಗೆ ಅಡ್ಡಲಾಗಿ ಒತ್ತೊತ್ತಾಗಿ ಹಾಸಿದ ಜಂತಿಗಳು, ಅವುಗಳ ಮೇಲೆ ಸೀಳು ಕಟ್ಟಿಗೆ, ಅದರ ಮೇಲೆ ಬಂದರಿಕೆ ಸೊಪ್ಪಿನ ಹಾಸು, ಆ ಮೇಲೆ ತುಳಿದು ಕುಳ್ಳಿರಿಸಿದ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣು. ಉಪ್ಪಿನಂಶವಿರುವ ಈ ಸವಳು ಮಣ್ಣು ನೆನೆದೊಡನೆ ಬಿಗಿದುಕೊಂಡು ನೀರನ್ನು ಕೆಳಗಿಳಿಯಲು ಬಿಡದೆ, ಅದು ಹೊರಬೀಳುವ ದೋಣಿಯ ಕಡೆಗೆ ಹರಿಸುವುದರಿಂದ ಮಳೆಗಾಲಕ್ಕೆ ಮುಂಚೆ ಅದನ್ನು ಹೊಸದಾಗಿ ಹರಡುವುದು ಮನೆಯವರ ವಾರ್ಷಿಕ ಕೆಲಸವಾಗಿತ್ತು. ಒಳಗೆ ತಲಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನಗಳು, ಒಂದೆರಡು ಮೆಟ್ಟಿಲು ಎತ್ತರದ ಪಡಸಾಲೆಯಲ್ಲಿ ಜನ, ಅದರಾಚೆ ನಡುಮನೆ, ದೇವರ ಜಗಲಿ, ಅಡುಗೆ ಮನೆ; ಗೋಡೆಯಲ್ಲಿ ದೀಪದ ಮಾಡ, ಮಾಳಿಗೆಯಲ್ಲಿ ಬೆಳಕಿಂಡಿ.

ಇದನ್ನು ಅಡಿಗೆ ಅಂಗುಲದಂತೆ ಇಳಿಸಿದರೆ 30 ಅಡಿ ಅಗಲ, 40 ಅಡಿ ಉದ್ದದ ಮನೆ 30 ಅಂಗುಲಕ್ಕೆ 40 ಅಂಗುಲವಾಗಿ ಮೇಜಿನ ಮೇಲೆ ಕೂರುತ್ತದೆ. ಎರಡು ಅಡಿ ದಪ್ಪದ ಗೋಡೆ ಎರಡು ಅಂಗುಲವಾಗುತ್ತದೆ, ಆರು ಅಂಗುಲದ ತೊಲೆ ಅರ್ಧ ಅಂಗುಲಕ್ಕಿಳಿಯುತ್ತದೆ. ಉದ್ದಗಲಗಳ ಲೆಕ್ಕ ಇಷ್ಟು ಸುಲಭವಾದರೂ ವಸ್ತುಗಳ ಗುಣ ಅಳತೆಯ ಮಾತನ್ನು ಕೇಳುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಹನ್ನೆರಡನೆಯ ಒಂದಕ್ಕೆ ಇಳಿದಾಗ ಗಾತ್ರ 1728ನೆಯ ಒಂದು ಭಾಗಕ್ಕೆ ಇಳಿಯುವುದರಿಂದ ತುಳಿದ ಮಾಳಿಗೆಯ ಭಾರ ಇಲ್ಲಿ ಇರುವುದಿಲ್ಲ. ಹಾಗಾಗಿ ಅಂಟು ಹಾಕದೆ ಜಂತಿಗಳು ನಿಲ್ಲವು. ಒಂದು ಮಿಲಿಮೀಟರಿನ ಮರಳಿನ ಕಣ ಈ ಗೋಡೆಯಲ್ಲಿ 12 ಮಿಲಿಮೀಟರಿನ ಬೆಣಚುಕಲ್ಲಾಗಿ ಕಾಣುವುದರಿಂದ ಮೆತ್ತುವ ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಬೇಕು. ಸಾಗುವಾನಿಯ ಅಗಲ ಗೆರೆಗಳು ಕಣ್ಣಿಗೆ ಹೊಡೆಯುವುದರಿಂದ ನಯವಾದ ನಾರಿನ ಮರವನ್ನು ಆರಿಸಬೇಕು. ಚನ್ನಪಟ್ಟಣದವರು ಆಟಿಕೆಗೆ ಬಳಸುವ ಆಲೆ ಮರ ಇದಕ್ಕೆ ಒದಗುತ್ತದೆ.

ಮನೆಯೊಳಗಿನ ವಸ್ತುಗಳಲ್ಲಿ ಕೌದಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಸಾಲುಹೊಲಿಗೆ ಹಾಕಿದ ಈ ಹೊದಿಕೆಯಲ್ಲಿ ಅರ್ಧ ಸೆಂಟಿಮೀಟರಿನ ಹೊಲಿಗೆಯಿದ್ದರೆ ಪ್ರತಿಕೃತಿಯಲ್ಲಿ ಅದು ಅರ್ಧ ಮಿಲಿಮೀಟರಿಗೂ ಕಡಿಮೆಯಾಗಬೇಕು. ಕೈಯಿಂದ ಅಂಥ ಹೊಲಿಗೆ ಬಹಳ ಕಷ್ಟವಾದ್ದರಿಂದ ನುರಿತವರು ಸವೆದು ತೆಳುವಾದ ಧೋತರವನ್ನು ಒಂದೇ ಪದರದಲ್ಲಿ ಬಳಸಿ, ದಾರದ ಎಳೆಯನ್ನು ಬಿಚ್ಚಿ ಒಂಟಿ ನೂಲಿನಲ್ಲಿ ಹೊಲಿದು, ಒದ್ದೆ ಮಾಡಿ ಮಡಿಕೆಯಲ್ಲೇ ಒಣಗಿಸುತ್ತಾರೆ. ಇಲ್ಲದಿದ್ದರೆ ಬಟ್ಟೆ ಬಾಗದೆ ಸೆಟೆದು ನಿಂತು ಇಡೀ ಕೋಣೆಯ ನಂಬಿಕೆಯನ್ನು ಕೆಡಿಸುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಕೂಡ ಇದೇ ತೊಡಕು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕಸೂತಿಯ ಕನ್ನಡಿ ಬಿಲ್ಲೆಗಳನ್ನು ಕಿರಿದುಗೊಳಿಸಲು ಹೊಳೆಯುವ ಹಾಳೆಯ ಚುಕ್ಕೆಗಳನ್ನು ಅಂಟಿಸುವುದಕ್ಕಿಂತ ಕನ್ನಡಿಯಿಲ್ಲದ ಬರಿಯ ಹೊಲಿಗೆಯ ಪಟ್ಟಿಯೊಂದನ್ನು ತೋರಿಸುವುದು ಲೇಸು. ನೆಲುವು, ಹಗ್ಗ, ಚಾಪೆಗಳಿಗೆ ಆನೆಗೊಂದಿಯಲ್ಲಿ ಕರಕುಶಲಕ್ಕೆ ಬಳಸುವ ಬಾಳೆನಾರು ಚೆನ್ನಾಗಿ ಒಗ್ಗುತ್ತದೆ.

ಗೊಂಬೆಗಳಿಗೆ ಬಂದರೆ ಹೊಳೆಯ ಆಚೆ ದಡದ ಕೊಪ್ಪಳ ತಾಲ್ಲೂಕಿನ ಕಿನ್ನಾಳವನ್ನು ಬಿಟ್ಟು ಬೇರೆಡೆ ಹುಡುಕುವ ಅಗತ್ಯವಿಲ್ಲ. ತಮ್ಮ ಹಿರಿಯರು ವಿಜಯನಗರದ ಆಶ್ರಯದಲ್ಲಿದ್ದವರೆಂದೂ ವಿರೂಪಾಕ್ಷ ದೇವಾಲಯದ ಛಾವಣಿಯ ಚಿತ್ರಗಳು ಅವರ ಕೈಯವೆಂದೂ ನಂಬುವ ಅಲ್ಲಿನ ಚಿತ್ರಗಾರರು ಹಗುರವಾದ ಪೊಳಕಿ ಮರವನ್ನು ಕೆತ್ತಿ, ಬಿಡಿ ಭಾಗಗಳನ್ನು ಹುಣಸೆ ಬೀಜದ ಸರಿಯಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಸರಿಯೊಡನೆ ಕಲಸಿದ ಕಿಟ್ಟವೆಂಬ ಹದದಿಂದ ಮೈಯ ಉಬ್ಬುತಗ್ಗುಗಳನ್ನು ತಿದ್ದಿ, ಹತ್ತಿಯ ತುಣುಕುಗಳನ್ನು ಹಚ್ಚಿ, ಕಲ್ಲುಪುಡಿಯ ಲೇಪ ಕೊಟ್ಟು ಆಮೇಲೆ ಬಣ್ಣ ಬಳಿಯುತ್ತಾರೆ. ಹಿಂದೆ ಕಿನ್ನಾಳದಲ್ಲಿ ಬೇರೆಬೇರೆ ಕಸುಬುಗಳಲ್ಲಿ ತೊಡಗಿದ ಜನರ ಗೊಂಬೆಗಳನ್ನು ಮಾಡುತ್ತಿದ್ದುದು ಮುಖ್ಯವಾದ ಸಂಗತಿ. ರೊಟ್ಟಿ ಬಡಿಯುವವಳು, ಬೀಸುಕಲ್ಲಿನ ಮುಂದೆ ಕುಳಿತವಳು, ಗ್ವಾದಲಿಗೆ ಮೇವು ಹಾಕುವವನು ಅಡಿಗೆ ಅಂಗುಲದ ಅಳತೆಯಲ್ಲಿ ಮತ್ತೆ ದೊರೆತರೆ ಮಾಳಿಗೆ ಮನೆಗೆ ಬೇಕಾದ ಜನ ನೆರೆಯಲ್ಲೇ ಸಿಕ್ಕಂತಾಗುತ್ತದೆ, ಆ ಕಸುಬಿಗೂ ಹೊಸ ಗಿರಾಕಿಗಳು ಹುಟ್ಟುತ್ತಾರೆ.

ಗೊಂಬೆಮನೆಯ ಯಾವ ಬದಿಯನ್ನು ತೆರೆದಿಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಯುರೋಪಿನ ಹಲವು ಮಾದರಿಗಳಲ್ಲಿ ಮುಂಗೋಡೆ ಬಾಗಿಲಾಗಿ ತೆರೆದುಕೊಳ್ಳುತ್ತದೆ. ಮಾಳಿಗೆ ಮನೆಯ ಮುಂಗೋಡೆಗೆ ಕಟ್ಟೆ, ತಲಬಾಗಿಲು, ಹೊಸ್ತಿಲುಗಳು ಅಂಟಿಕೊಂಡಿರುವುದರಿಂದ ಅದನ್ನು ಕದಲಿಸುವುದು ತಕ್ಕದ್ದಲ್ಲ. ಮಾಳಿಗೆಯನ್ನೇ ಮುಚ್ಚಳವಾಗಿ ಎತ್ತಿಡುವಂತೆ ಕಟ್ಟಿ, ಅದರ ಒಂದು ಮೂಲೆಯನ್ನು ಮೆಟ್ಟಿಲುಮೆಟ್ಟಿಲಾಗಿ ಅಪೂರ್ಣವಾಗಿ ಬಿಟ್ಟರೆ ತೊಲೆ, ಜಂತಿ, ಸೀಳು ಕಟ್ಟಿಗೆ, ಸೊಪ್ಪು, ಮಣ್ಣು, ಸವಳು ಎಲ್ಲವೂ ಹಾಕಿದ ಅನುಕ್ರಮದಲ್ಲೇ ಕಾಣುತ್ತವೆ. ಸೊಪ್ಪಿನ ಪದರವನ್ನು ಮಾತ್ರ ಪೂರ್ತಿ ಒಣಗಿಸಿಯೇ ಹಾಕಬೇಕು. ಹಸಿಯಾಗಿದ್ದರೆ ಬೂಸು ಹಿಡಿದು, ಮೇಲಿನ ಮಣ್ಣು ಬಿರುಕು ಬಿಡುತ್ತದೆ.