ಎರಡೇ ವರ್ಷದ ಬ್ಯಾಂಡ್, ಇವತ್ತಿಗೂ ಹೆಸರು!

ಒಂದು ಬ್ಯಾಂಡ್. ಆಯಸ್ಸು ಬರೀ ಎರಡು ವರ್ಷ.
ಮಾಡಿದ ಶೋ ಇಪ್ಪತ್ತೂ ದಾಟಿಲ್ಲ.
ಆದ್ರೂ ಎಮೋ ರಾಕ್ ಅಂದ ಕೂಡ್ಲೇ ಇವರ ಹೆಸರೇ ಬರ್ತದೆ. ಯಾಕೆ?

ರೈಟ್ಸ್ ಆಫ್ ಸ್ಪ್ರಿಂಗ್.
ಊರು, ಅಮೆರಿಕದ ವಾಷಿಂಗ್ಟನ್ ಡಿಸಿ.
1984ರ ಹೊತ್ತು. ನಾಲ್ಕು ಹುಡುಗರು.

ಆಗ ಅಲ್ಲಿ ಹಾರ್ಡ್‌ಕೋರ್ ಪಂಕ್‌ನದ್ದೇ ಅಬ್ಬರ.
ವೇಗ, ಸಿಟ್ಟು, ಕಿರುಚಾಟ.
ಇವರು ವೇಗ ಬಿಡ್ಲಿಲ್ಲ.
ಸಿಟ್ಟಿನ ಜಾಗದಲ್ಲಿ ಮಾತ್ರ ಸಂಕಟ ತಂದ್ರು.
ಅದನ್ನೇ ಆಮೇಲೆ ಎಮೋ ಅಂದ್ರು.

ನಮ್ಮ ಕಾಸರಗೋಡಿನವರಿಗೆ ಇದು ಅರ್ಥ ಆಗುವುದು ಸುಲಭ.
ಯಕ್ಷಗಾನದಲ್ಲಿ ಕರುಣರಸದ ಪದ ಬಂದ್ರೆ
ಚೆಂಡೆ ಸುಮ್ಮನಾಗ್ತದೆ. ಮದ್ದಳೆ ಮಾತ್ರ.
ಎಮೋದಲ್ಲಿ?
ಅಳುವೂ ನಿಲ್ಲುವುದಿಲ್ಲ, ಚೆಂಡೆಯೂ ನಿಲ್ಲುವುದಿಲ್ಲ!

ಮೊದಲು ಆರು ಹಾಡಿನ ಒಂದು ಡೆಮೊ.
ಆಮೇಲೆ 1985ರ ಫೆಬ್ರವರಿಯಲ್ಲಿ ಆಲ್ಬಂ ರೆಕಾರ್ಡಿಂಗ್.
ಎಲ್ಲಿ? ಇನ್ನರ್ ಇಯರ್ ಸ್ಟುಡಿಯೊ.
ದೊಡ್ಡ ಹೆಸರು. ಆದ್ರೆ ಆಗ ಅದು
ಒಬ್ಬರ ಮನೆಯ ನೆಲಮಾಳಿಗೆ, ಅಷ್ಟೇ.

ಗಾಯಕ ಗೀ ಪಿಚೋಟೊ.
ಕೇಳಿ ನೋಡಿ, ಎತ್ತರಕ್ಕೆ ಹೋದಾಗ ಸ್ವರ ಒಡೀತದೆ.
ಅದನ್ನು ತಿದ್ದಿ ನಯ ಮಾಡ್ಲಿಲ್ಲ.
ಒಡೆದ ಸ್ವರ ಹಾಗೆಯೇ ಆಲ್ಬಂಗೆ ಹೋಯ್ತು.
ಜನಕ್ಕೆ ನಾಟಿದ್ದೂ ಅದೇ.

1986ರಲ್ಲಿ ಬ್ಯಾಂಡ್ ಮುಗೀತು.
ಪಿಚೋಟೊ ಮತ್ತು ಡ್ರಮ್ಮರ್ ಬ್ರೆಂಡನ್ ಕ್ಯಾಂಟಿ
ಮುಂದೆ ಫುಗಾಜಿ ಬ್ಯಾಂಡ್ ಸೇರಿದ್ರು.
ಆ ಹಳೇ ಡೆಮೊ? 2012ರಲ್ಲಿ ರೆಕಾರ್ಡ್ ರೂಪದಲ್ಲಿ ಹೊರಗೆ ಬಂತು!

ತಮಾಷೆ ಅಂದ್ರೆ, ಎಮೋ ಎಂಬ ಹಣೆಪಟ್ಟಿ
ಪಿಚೋಟೊಗೆ ಯಾವತ್ತೂ ಹಿಡಿಸ್ಲೇ ಇಲ್ಲ.

ಮಂಜೇಶ್ವರ, ಕುಂಬಳೆ, ಬದಿಯಡ್ಕ...
ನಿಮ್ಮಲ್ಲಿ ಯಾರದ್ದಾದ್ರೂ ಬ್ಯಾಂಡ್ ಉಂಟಾ?
ಸ್ಟುಡಿಯೊ ಸಿಗ್ಲಿ ಅಂತ ಕಾಯಬೇಡಿ.
ಮೊದಲ ಡೆಮೊ ಮನೆಯಲ್ಲೇ ಮಾಡಿ, ನಮಗೂ ಕಳಿಸಿ!