ಕವಾಟದಲ್ಲಿ ಕಟ್ಟಿದ ಉಪ್ಪು, ಐದು ವರ್ಷದ ಕಾಯುವಿಕೆ

ಶುಕ್ರನ ಗಾಳಿ–ಮೋಡಗಳನ್ನು ಓದಲೆಂದೇ ಜಪಾನ್ ಕಳಿಸಿದ ನೌಕೆ ‘ಅಕಾತ್ಸುಕಿ’. 2010ರ ಮೇ ತಿಂಗಳಲ್ಲಿ ತಾನೆಗಾಶಿಮಾ ದ್ವೀಪದಿಂದ ಹೊರಟು, ಡಿಸೆಂಬರ್ 7ರಂದು ಗುರಿಯ ಹತ್ತಿರಕ್ಕೆ ಬಂತು. ಕಕ್ಷೆ ಸೇರಲು ಮುಖ್ಯ ಎಂಜಿನ್ 12 ನಿಮಿಷ ಉರಿಯಬೇಕಿತ್ತು. ಮೂರು ನಿಮಿಷ ತುಂಬುವ ಮೊದಲೇ ನಿಂತುಹೋಯಿತು.

ಇಂಧನದ ಟ್ಯಾಂಕಿಗೆ ಹೀಲಿಯಂ ಒತ್ತಡ ಕೊಡುವ ದಾರಿಯ ಕವಾಟದಲ್ಲಿ ಉಪ್ಪಿನ ಹರಳು ಕಟ್ಟಿತ್ತು. ಇಂಧನದ ಆವಿಯೂ ಅದನ್ನು ಉರಿಸುವ ಆಕ್ಸಿಡೈಸರ್‌ನ ಆವಿಯೂ ಅಲ್ಲಿ ಸಂಧಿಸಿದ್ದರ ಫಲ ಅದು. ಇಂಧನ ಸಾಲದೆ ಉರಿಯ ಹದ ತಪ್ಪಿತು, ತಾಪ ಏರಿತು, ನಾಜಲ್ ಒಡೆಯಿತು. ನೌಕೆ ಶುಕ್ರನನ್ನು ದಾಟಿ ಸೂರ್ಯನ ಸುತ್ತ ಅಲೆಯತೊಡಗಿತು.

ಯೋಜನೆಯ ಮುಖ್ಯಸ್ಥ ಮಸಾಟೊ ನಕಮುರಾ ಅವರ ತಂಡ ಅದನ್ನು ಕೈಬಿಡಲಿಲ್ಲ. ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಉಳಿದಿದ್ದು ನೌಕೆಯ ಮುಖ ತಿರುಗಿಸಲು ಇಟ್ಟಿದ್ದ ಪುಟ್ಟ ಥ್ರಸ್ಟರ್‌ಗಳು ಮಾತ್ರ. ಅವಕ್ಕೆ ಆಕ್ಸಿಡೈಸರ್ ಬೇಡ. ಹಾಗಾಗಿ ಸುಮಾರು 65 ಕಿಲೋ ಆಕ್ಸಿಡೈಸರನ್ನು ಹೊರಚೆಲ್ಲಿ ಭಾರ ಇಳಿಸಿದರು. ತಂಡದ ಚಿಕಾಕೊ ಹಿರೋಸೆ ಹೊಸ ಹಾದಿಗಾಗಿ ಲೆಕ್ಕದ ಮೇಲೆ ಲೆಕ್ಕ ಹಾಕಿದರು. ನೌಕೆಯ ವಿನ್ಯಾಸದ ಆಯಸ್ಸು ನಾಲ್ಕೂವರೆ ವರ್ಷ, ಅದೂ ಕಳೆಯಿತು. 2015ರ ಡಿಸೆಂಬರ್ 7ರಂದು, ಸರಿಯಾಗಿ ಐದು ವರ್ಷಕ್ಕೆ, ನಾಲ್ಕು ಥ್ರಸ್ಟರ್‌ಗಳು ಇಪ್ಪತ್ತು ನಿಮಿಷ ಉರಿದು ನೌಕೆಯನ್ನು ಶುಕ್ರನ ಕಕ್ಷೆಗೆ ಸೇರಿಸಿದವು.

ಫಲ ಕೂಡಲೇ ಸಿಕ್ಕಿತು. ಶುಕ್ರ ಒಮ್ಮೆ ತನ್ನ ಸುತ್ತ ತಿರುಗಲು 243 ದಿನ ಬೇಕು. ಅದರ ಮೇಲ್ಮೋಡಗಳು ಸೆಕೆಂಡಿಗೆ ಸುಮಾರು ನೂರು ಮೀಟರ್ ವೇಗದಲ್ಲಿ ಓಡಿ ನಾಲ್ಕೇ ದಿನಕ್ಕೆ ಗ್ರಹ ಸುತ್ತುತ್ತವೆ. ಆ ಓಟದ ನಡುವೆ, ಹತ್ತು ಸಾವಿರ ಕಿಲೋಮೀಟರ್ ಉದ್ದದ ಬಿಲ್ಲಿನಾಕಾರದ ಅಲೆಯೊಂದು ಆಫ್ರೊಡೈಟ್ ಎಂಬ ಎತ್ತರದ ನೆಲದ ಮೇಲೆ ಕದಲದೆ ನಿಂತಿತ್ತು. ಕೆಳಗಿನ ಬೆಟ್ಟಗಳಿಗೆ ಬಡಿದ ಗಾಳಿ ಎಬ್ಬಿಸಿದ ಅಲೆ ಮೋಡಗಳ ನೆತ್ತಿಯವರೆಗೂ ಏರಿತ್ತು. ಮೋಡಗಳ ಆ ಓಟ ನಿಲ್ಲದಿರಲು ಬಿಸಿಲಿನ ಕಾವಿನಿಂದ ಏಳುವ ಉಷ್ಣ ಅಲೆಗಳೇ ಕಾರಣವೆಂದು 2020ರಲ್ಲಿ ತಾಕೇಶಿ ಹೊರಿನೊಉಚಿ ತಂಡ ಇದೇ ನೌಕೆಯ ಚಿತ್ರಗಳಿಂದ ತೋರಿಸಿತು.

ನೌಕೆ ಶುಕ್ರನ ಹಿಂದೆ ಮರೆಯಾಗುವಾಗ ಅದರ ರೇಡಿಯೊ ಸಂಕೇತ ಅಲ್ಲಿನ ವಾತಾವರಣವನ್ನು ಹಾದು ಬಾಗುತ್ತದೆ. ಆ ಬಾಗಿನಿಂದ ಎತ್ತರಕ್ಕೆ ತಕ್ಕ ತಾಪಮಾನ ತಿಳಿಯುತ್ತದೆ. ಆ ಸಂಕೇತಗಳನ್ನು ಹಿಡಿದವರಲ್ಲಿ ಜಪಾನಿನ ಉಸುಡಾ ಕೇಂದ್ರದ ಜೊತೆಗೆ ಬೆಂಗಳೂರಿನ ಹೊರವಲಯದ ಬ್ಯಾಲಾಳು ಕೇಂದ್ರವೂ ಇತ್ತು. ನಮ್ಮಲ್ಲಿ ಇದು ಹೆಚ್ಚು ಮಾತಾಗಲಿಲ್ಲ ಎಂಬುದು ನನ್ನ ಕೊರಗು.

2024ರ ಏಪ್ರಿಲ್‌ನಲ್ಲಿ ಸಂಪರ್ಕ ಕಡಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಜಪಾನ್ ಯೋಜನೆಗೆ ತೆರೆ ಎಳೆಯಿತು. ಈಗ ಶುಕ್ರನ ಸುತ್ತ ಕೆಲಸ ಮಾಡುವ ಒಂದು ನೌಕೆಯೂ ಇಲ್ಲ. 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಭಾರತದ ಶುಕ್ರಯಾನಕ್ಕೆ 2028ರ ಮಾರ್ಚ್ ಗುರಿ. ಅದು ಮುಂದಕ್ಕೆ ಹೋಗದಿರಲಿ. ತಪ್ಪಿದರೆ ಶುಕ್ರನ ದಾರಿ ಮತ್ತೆ ತೆರೆಯಲು ಸುಮಾರು 19 ತಿಂಗಳು ಬೇಕು.